ಸಮುದ್ರಕ್ಕೆ ಆಯೇರಿ ಮಾಡಿದ ಕಾಕು

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಕಾಕುವಿನ ಎಡಗಾಲಿನ ಚಪ್ಪಲಿ ತೇಲಿತು. ಹೆಬ್ಬೆರಳಿನ ಕಡೆ ಸವೆದು, ಹಿಮ್ಮಡಿಯ ಕಡೆ ಬಟ್ಟಲಿನಷ್ಟು ತಗ್ಗು ಬಿದ್ದಿದ್ದ ಕಂದುಬಣ್ಣದ ಅಗಲವಾದ ಚಪ್ಪಲಿ. ದೇವಸ್ಥಾನದ ಮುಂದೆ ಬಿಡುವ ಹಾಗೆ ಮರಳಿನ ಮೇಲೆ ಸಾಲಾಗಿ ಬಿಟ್ಟಿದ್ದ ಐದು ಜೊತೆಗಳಲ್ಲಿ ಅದೊಂದೇ ಮೊದಲು ಅಲುಗಾಡಿತು, ಅರ್ಧ ಸುತ್ತು ತಿರುಗಿತು, ಆಮೇಲೆ ದಡದ ಕಡೆ ಹೊರಟಿತು. ಆ ಗಳಿಗೆಯ ಫೋಟೊ ನನ್ನ ಫೋನಿನಲ್ಲಿ ಈಗಲೂ ಇದೆ. ಕಾಕು ಕಲ್ಲಿನ ಮೇಲೆ ನಿಂತು ಬಾಯಿತುಂಬ ನಗುತ್ತಿದ್ದಾರೆ, ಹಿಂದೆ ಚಪ್ಪಲಿ ತೇಲುತ್ತಿದೆ. ಫೋಟೊ ಚೆನ್ನಾಗಿ ಬಂತೇ ಎಂದು ಪರದೆ ನೋಡಿದಾಗಲೇ ನನಗೆ ಅದು ಕಂಡದ್ದು.

ನಾವು ಐದು ಜನ ಹೆಂಗಸರು ಆಗ ಸಮುದ್ರದೊಳಗಿನ ಒಂದು ಒಂಟಿ ಕಲ್ಲಿನ ಮೇಲಿದ್ದೆವು. ದಡದಿಂದ ಅಲ್ಲಿಗೆ ಮರಳಿನ ಮೇಲೆ ನಡೆದುಕೊಂಡೇ ಬಂದಿದ್ದೆವು. ನಮ್ಮ ನಾಗಪುರದವರಿಗೆ ಗೊತ್ತಿರುವ ನೀರು ಅಂಬಾಝರಿ, ಫುಟಾಳಾ ಕೆರೆಗಳ ನೀರು. ಅದು ಬೆಳಿಗ್ಗೆ ಎಲ್ಲಿರುತ್ತದೋ ಸಂಜೆಯೂ ಅಲ್ಲೇ ಇರುತ್ತದೆ. ದಂಡೆ ಎಂದರೆ ದಂಡೆ, ನೀರು ಎಂದರೆ ನೀರು. ಉಬ್ಬರವಿಳಿತದ ಬಗ್ಗೆ ನಾನು ಶಾಲೆಯಲ್ಲಿ ಓದಿ ಪರೀಕ್ಷೆಯಲ್ಲಿ ಚಿತ್ರ ಬರೆದು ಪೂರ್ತಿ ಅಂಕ ತೆಗೆದವಳು. ಆ ಚಿತ್ರದಲ್ಲಿ ಚಂದ್ರನಿದ್ದ, ಭೂಮಿಯಿತ್ತು. ಚಪ್ಪಲಿ ಇರಲಿಲ್ಲ.

ಕಾಕು ನಮ್ಮ ಎದುರು ಮನೆಯವರು. ಕಾಕು ಅಂದರೆ ಚಿಕ್ಕಮ್ಮ. ಕನ್ನಡದವರಿಗೂ ಕಾಕು, ಮರಾಠಿಯವರಿಗೂ ಕಾಕು. ಕೋರಾಡಿ ಬಸ್ಸಿನ ಕಂಡಕ್ಟರನಿಗೂ ಕಾಕು. ಗಂಡನಿಗೆ ನಾಗಪುರದ ಹೊರಗಿನ ಕೋರಾಡಿಯ ವಿದ್ಯುತ್ ಕೇಂದ್ರದಲ್ಲಿ ನೌಕರಿ ಇತ್ತು. ಮದುವೆಯಾಗಿ ಗದಗ ಕಡೆಯಿಂದ ಬಂದವರು ಅಲ್ಲಿನ ಕಾಲೊನಿಯಲ್ಲೇ ಮಕ್ಕಳನ್ನು ಬೆಳೆಸಿದರು. ಯಜಮಾನರು ತೀರಿಕೊಂಡ ಮೇಲೆ ಮಗ, ಸೊಸೆಯೊಂದಿಗೆ ನಮ್ಮ ಬಿಲ್ಡಿಂಗಿಗೆ ಬಂದರು. ಬಂದ ದಿನವೇ ನಮ್ಮ ಅಡುಗೆಮನೆಗೆ ಬಂದು, ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಬೆರಳಿಗೆ ಹಚ್ಚಿಕೊಂಡು ರುಚಿ ನೋಡಿದರು.

"ಏನವಾ ಇದು, ಬೆಲ್ಲದ ಪಾನಕ ಇದ್ದಂಗ ಐತಿ. ನೀವು ಮೈಸೂರವರು ಮಾತಿಗೂ ಬೆಲ್ಲ ಹಾಕ್ತೀರಿ, ಸಾರಿಗೂ ಬೆಲ್ಲ ಹಾಕ್ತೀರಿ."

ನಮ್ಮಮ್ಮ ಸಿಟ್ಟಾಗುವುದೋ ನಗುವುದೋ ತಿಳಿಯದೆ ನಿಂತಿದ್ದರು. ಮರುದಿನ ಕಾಕು ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ತಂದಿಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಆ ಡಬ್ಬಿ ಖಾಲಿಯಾಗಿಲ್ಲ.

ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು "ಚಲೋ ಆತು". ಮೇ ತಿಂಗಳ ಬಿಸಿಲಿನಲ್ಲಿ ಕೂಲರ್ ಸುಟ್ಟುಹೋದರೆ, "ಚಲೋ ಆತು, ಅದರ ಸಪ್ಪಳಕ್ಕ ಕಿವಿ ಹೋಗಿದ್ದವು." ನನಗೆ ಬಂದಿದ್ದ ಒಂದು ಸಂಬಂಧ ಮುರಿದುಬಿದ್ದು, ನಾನು ಸಿವಿಲ್ ಲೈನ್ಸಿನ ಆಫೀಸಿನಿಂದ ಮುಖ ಬಾಡಿಸಿಕೊಂಡು ಬಂದ ದಿನ ಮೆಟ್ಟಿಲ ಮೇಲೇ ತಡೆದು ನಿಲ್ಲಿಸಿ ಹೇಳಿದ್ದರು: "ಚಲೋ ಆತು ಬಿಡು. ಆ ಹುಡುಗನ ತಾಯಿ ನನ್ನ ಚಟ್ನಿ ತಿಂದು ನೀರು ಕೇಳಿದಳು. ಅಂಥಾ ಮನ್ಯಾಗ ನೀ ಹೆಂಗ ಬಾಳ್ವೆ ಮಾಡತಿದ್ದಿ?"

ನಾಗಪುರದ ಕನ್ನಡ ಹೆಂಗಸರ ನಡುವೆ ಕಾಕು ಹೆಸರು ಮಾಡಿದ್ದು ಮಾತ್ರ ಚಟ್ನಿಯಿಂದಲ್ಲ, ಒಡಪಿನಿಂದ. ಗಂಡನ ಹೆಸರನ್ನು ನೇರವಾಗಿ ಹೇಳದೆ ಎರಡು ಸಾಲಿನ ಪ್ರಾಸದಲ್ಲಿ ಸೇರಿಸಿ ಹೇಳುವ ಆಟ ಅದು. ಮದುವೆಯಲ್ಲಿ, ಅರಿಶಿನ-ಕುಂಕುಮಕ್ಕೆ ಕರೆದಲ್ಲಿ, ಸತ್ಯನಾರಾಯಣ ಪೂಜೆಯಲ್ಲಿ ಹೊಸ ಸೊಸೆಯರನ್ನು ಸುತ್ತುಗಟ್ಟಿ ಒಡಪು ಹೇಳಿಸದೆ ಬಿಡುವುದಿಲ್ಲ. ಇಲ್ಲಿ ಹುಟ್ಟಿ ಬೆಳೆದ ಹುಡುಗಿಯರಿಗೆ ಕನ್ನಡ ಓದಲೇ ಬಾರದು, ಒಡಪು ಎಲ್ಲಿಂದ ಬರಬೇಕು? ಅವರೆಲ್ಲ ಹಿಂದಿನ ದಿನವೇ ಕಾಕುವಿನ ಬಳಿ ಓಡಿ ಬರುತ್ತಿದ್ದರು. ಕಾಕು ಸೊಪ್ಪು ಸೋಸುತ್ತ ಕೇಳುತ್ತಿದ್ದರು: "ಗಂಡನ ಹೆಸರೇನು? ನೌಕರಿ ಏನು? ಸಿಟ್ಟು ಐತೇನು?" ಸೊಪ್ಪು ಮುಗಿಯುವುದರೊಳಗೆ ಒಡಪು ಸಿದ್ಧ. ಒಬ್ಬ ಹುಡುಗಿಗೆ ಕಟ್ಟಿಕೊಟ್ಟದ್ದು ಹೀಗೆ:

"ಕೋರಾಡಿ ಚಿಮಣಿ ಹೊಗಿ ಮುಗಿಲಿಗೆ ಏರತೈತಿ,
ಪ್ರಕಾಶರಾಯರ ಸಿಟ್ಟು ಚಹಾ ಕೊಟ್ಟರ ಇಳೀತೈತಿ."

ಅಷ್ಟೆಲ್ಲ ಹೆಂಗಸರಿಗೆ ಒಡಪು ಕಟ್ಟಿಕೊಟ್ಟವರು ತಾವು ಮಾತ್ರ ಹೇಳುತ್ತಿರಲಿಲ್ಲ. ಗಂಡ ಹೋದವರು ಒಡಪು ಹೇಳುವುದಿಲ್ಲ, ಪದ್ಧತಿ ಹಾಗೆ. ಒಮ್ಮೆ ವೈನಿಯ ಮನೆಯ ಅರಿಶಿನ-ಕುಂಕುಮದಲ್ಲಿ ನಾನೂ ಇದ್ದೆ. ಬ್ಯಾಂಕ್ ಅಧಿಕಾರಿಯ ಹೆಂಡತಿಯಾದ ಅವರನ್ನು ಎಲ್ಲರೂ ವೈನಿ, ಅಂದರೆ ಅತ್ತಿಗೆ, ಅನ್ನುತ್ತಾರೆ. ಮಡಿ, ಮರ್ಯಾದೆ, ಪದ್ಧತಿಗಳ ಮನುಷ್ಯೆ. ಅಂದು ಒಬ್ಬ ಹುಡುಗಿ ಅರ್ಧ ಒಡಪು ಹೇಳಿ ಮರೆತು ನಿಂತಳು. ಅಡುಗೆಮನೆಯ ಬಾಗಿಲಲ್ಲಿ ಚಹಾ ಸೋಸುತ್ತಿದ್ದ ಕಾಕು ಅಲ್ಲಿಂದಲೇ ಉಳಿದ ಸಾಲು ಕೂಗಿಕೊಟ್ಟರು. ನಡುಮನೆಯಲ್ಲಿ ನಗೆಯೋ ನಗೆ. ಯಾರೋ, "ಕಾಕು, ಹೊರಗ ಬಂದು ನಿಮ್ಮದೊಂದು ಹೇಳ್ರಿ" ಅಂದರು. ವೈನಿ ಮೆಲ್ಲಗೆ, ಕೆಟ್ಟ ಮನಸ್ಸಿನಿಂದೇನಲ್ಲ, "ಅವರಿಗ್ಯಾಕ ಈಗ ಒಡಪು?" ಎಂದರು. ಕಾಕು, "ಹೌದಲ್ಲ, ಚಹಾ ಉಕ್ಕತೈತಿ" ಎಂದು ಒಳಗೆ ಹೋದರು. ಒಲೆ ಆರಿಸಿ ಎಷ್ಟೋ ಹೊತ್ತಾಗಿತ್ತು.

ಸಮುದ್ರಕ್ಕೆ ಹೋಗುವ ಯೋಚನೆ ಕಾಕುವಿನದೇ. ಅವರ ತವರುಮನೆಯ ಹಿರಿಯರು ಉಪ್ಪಿನ ವ್ಯಾಪಾರದವರಂತೆ. ಕರಾವಳಿಯ ಒಂದು ಹಳೆಯ ಬಂದರಿನಿಂದ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಹತ್ತಿ ಬರುತ್ತಿದ್ದರಂತೆ. ಆ ಊರಿನ ಹೆಸರನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದ ಕಾಕು ಸಮುದ್ರವನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ. ನಮ್ಮ ಮಹಿಳಾ ಮಂಡಳಿಯವರು ಚಳಿಗಾಲದ ಪ್ರವಾಸಕ್ಕೆ ದೇವಸ್ಥಾನಗಳ ಹೆಸರು ಹೇಳುತ್ತಿದ್ದಾಗ ಕಾಕು ಪಟ್ಟು ಹಿಡಿದರು. ಕಡೆಗೆ ಹೊರಟವರು ಐದೇ ಜನ. ಕಾಕು, ವೈನಿ, ನಾನು, ಗಾಂಧಿಬಾಗಿನಲ್ಲಿ ಬಟ್ಟೆ ಅಂಗಡಿ ಇರುವ ಮನೆಯ ಅತ್ತೆ, ಮತ್ತು ಅವರ ಹೊಸ ಸೊಸೆ.

ಹೊರಡುವ ಮುಂಚೆ ಕಾಕು ನನ್ನನ್ನು ಆ ಬಟ್ಟೆ ಅಂಗಡಿಗೆ ಕರೆದುಕೊಂಡು ಹೋದರು. ಟಾವೆಲ್-ಟೊಪಗಿ ಬೇಕೆಂದರು. ಅವರ ಕಡೆ ಮದುವೆಗಳಲ್ಲಿ ಗಂಡಸರಿಗೆ ಕೊಡುವ ಉಡುಗೊರೆ ಅದು, ಆಯೇರಿ ಅನ್ನುತ್ತಾರೆ. ಅಂಗಡಿಯ ಯಜಮಾನರು ಬಿಳಿ ಟೋಪಿಗಳ ಕಟ್ಟು ಬಿಚ್ಚುತ್ತ, "ಯಾರ ಲಗ್ನಾರೀ ಕಾಕು?" ಎಂದು ಕೇಳಿದರು.

"ಲಗ್ನ ಅಲ್ಲೋ. ಸಮುದ್ರಕ್ಕ."

"ಹಂಗಾರ ದೊಡ್ಡ ಸೈಜ ತಗೀತೀನಿ, ತಡೀರಿ."

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಕೇಳಿದೆ, ಹೊಳೆಗೆ ಉಡಿ ತುಂಬುತ್ತಾರಲ್ಲ, ಸಮುದ್ರಕ್ಕೂ ಸೀರೆ-ಕುಪ್ಪಸ ಕೊಡಬಾರದೇ ಎಂದು. ಕಾಕು ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ಉಡಿ ತುಂಬಾಕ ನನ್ನ ಯಾರು ಕರೀತಾರ? ಗಂಡಸಿಗೆ ಟೊಪಗಿ ಹಾಕಾಕ ಯಾರ ಪರವಾನಗಿ ಬೇಕು? ನಮ್ಮ ಮಂದಿ ಅವನ ಉಪ್ಪು ಮಾರಿ ಬದುಕಿದವರು. ಅಣ್ಣ ಆಗಬೇಕು ಅವ ನನಗ." ಆಮೇಲೆ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ವೈನಿಗೆ ಹೇಳಬ್ಯಾಡ. ಸಮುದ್ರಕ್ಕ ಮಡಿ ಐತಿಲ್ಲೋ ಅಂತ ಕೇಳ್ತಾರ."

ರೈಲು, ಬಸ್ಸು, ಟೆಂಪೊ ಎಲ್ಲ ಆಗಿ ಆ ಊರು ಸೇರಿದೆವು. ಒಂದು ಕಾಲಕ್ಕೆ ದೂರದೇಶದ ಹಡಗುಗಳು ಬರುತ್ತಿದ್ದ ಬಂದರು ಅದು ಎಂದರೆ ಈಗ ನಂಬುವುದು ಕಷ್ಟ. ಹೊಳೆ ಸಮುದ್ರಕ್ಕೆ ಸೇರುವಲ್ಲಿ ಕೆಂಪುಕಲ್ಲಿನ ಕೋಟೆಯ ಎರಡು ಗೋಡೆ, ಹುಲ್ಲು ಬೆಳೆದ ಬುರುಜು, ಅದರ ಕೆಳಗೆ ಬಲೆ ಒಣಹಾಕುವ ಜಾಗ. ದೇವಸ್ಥಾನದ ಅಂಗಳದಲ್ಲಿ ಒಂದು ಶಾಸನದ ಕಲ್ಲು. ಕಾಕು ಅಕ್ಷರಗಳ ಮೇಲೆ ಬೆರಳಾಡಿಸಿ, ಅಂಗಡಿ ಮನೆಯ ಸೊಸೆಯನ್ನು ಕರೆದು ಹೇಳಿದರು: "ನೋಡ, ನಿನಗ ಹೊಸಗನ್ನಡ ಬರೂದಿಲ್ಲ, ನನಗ ಹಳಗನ್ನಡ ಬರೂದಿಲ್ಲ. ಇಬ್ಬರೂ ಬರೋಬರ್."

ಪಕ್ಕದಲ್ಲಿ ಒಂದು ವೀರಗಲ್ಲು ಇತ್ತು. ಅದರಲ್ಲಿ ಹಡಗು, ಹುಟ್ಟು ಹಾಕುವವರ ಸಾಲು. ಮೂರನೆಯವನ ಮೂಗು ತಮ್ಮ ಸೋದರಮಾವನ ಮೂಗಿನಂತೆಯೇ ಇದೆ ಎಂದು ಕಾಕು ಸಾಧಿಸಿದರು. ಉಪ್ಪಿನ ಆಗರಕ್ಕೆ ಹೋದಾಗ ಒಂದು ಹರಳನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ನಿಂತರು. ನಾವೆಲ್ಲ ಕಾಕು ಅಳುತ್ತಾರೆ ಎಂದುಕೊಂಡೆವು. ಕಣ್ಣು ತೆರೆದು, "ಒಂದು ಹಸಿ ಮೆಣಸಿನಕಾಯಿ ಐತೇನು?" ಎಂದರು.

ಮರುದಿನ ಮಧ್ಯಾಹ್ನ ಆಯೇರಿಯ ಕಾರ್ಯಕ್ರಮ. ಕಾಕು ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲೆಯ ಮೇಲೆ ಇಟ್ಟರು. ಅಲೆ ಅದನ್ನು ಒಂದಿಷ್ಟು ದೂರ ಒಯ್ದು, ತಿರುಗಿ ತಂದು ಅವರ ಪಾದದ ಮೇಲೆ ಹಾಕಿತು. ಮತ್ತೆ ಇಟ್ಟರು, ಮತ್ತೆ ತಂದು ಹಾಕಿತು. ಅಷ್ಟರಲ್ಲಿ ವಿಷಯ ತಿಳಿದಿದ್ದ ವೈನಿ ಮಡಿಯ ಮಾತೆಲ್ಲ ಮರೆತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. "ಕಾಕು, ಸೈಜ್ ಸರಿ ಇಲ್ಲ ಅನಸ್ತದ ನೋಡ್ರಿ!"

ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು, "ಅಮ್ಮಾ, ಟೊಪ್ಪಿ ಎಂತಕ್ಕೆ? ನಾವು ಕಾಯಿ ಬಿಡೂದು" ಎಂದಳು.

ಕಾಕು ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದರು. "ನನ್ನದೇ ತಪ್ಪು. ಆಯೇರಿ ಕೈಗೆ ಹಿಡಿದರ ಯಾರೂ ತಗೊಳ್ಳೂದಿಲ್ಲ. ಒಲ್ಲೆ ಒಲ್ಲೆ ಅನ್ನೂದು ರಿವಾಜ. ಹಿಡದು ಕೂಡಿಸಬೇಕು, ನಾವ ತಲಿಮ್ಯಾಲ ಟೊಪಗಿ ಇಡಬೇಕು." ಹಾಗೆಂದು ನೀರಿನ ಕಡೆ ಕೈ ತೋರಿಸಿದರು. ದೂರದಲ್ಲಿ ಮಂಡಿಯೂರಿ ಕೂತ ಮುದುಕನ ಹಾಗೆ ಆ ಒಂಟಿ ಕಲ್ಲು. ಅಲ್ಲಿಯವರೆಗೂ ಮರಳಿನ ಒಂದು ಪಟ್ಟಿ, ಹಾಸಿಟ್ಟ ಹಾಗೆ. "ಅಗಾ, ಕುಂತಾನ ಅಣ್ಣ."

ಕಲ್ಲಿನ ಬುಡದಲ್ಲಿ ಚಪ್ಪಲಿ ಬಿಟ್ಟೆವು. ಆಯೇರಿ ಮಾಡುವಾಗ ಕಾಲಲ್ಲಿ ಚಪ್ಪಲಿ ಇರಬಾರದು. ಕಲ್ಲಿನ ನೆತ್ತಿಯ ಮೇಲೆ ಟೋಪಿ ಇಟ್ಟದ್ದಾಯಿತು. ವೈನಿ ತಾವಾಗಿ ಮುಂದೆ ಬಂದು ಕಲ್ಲಿಗೆ ಕುಂಕುಮದ ನಾಮ ಹಚ್ಚಿದರು. ಟಾವೆಲ್ಲನ್ನು ಬಿರುಕಿನಲ್ಲಿ ಸಿಕ್ಕಿಸಿ, ಗಾಳಿಗೆ ಹಾರದಂತೆ ಕಾಕು ಒಂದು ಗುಂಡುಕಲ್ಲು ಹೇರಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಉಂಡಿ, ಚಕ್ಕುಲಿ ಬಿಚ್ಚಿದೆವು. ತಿಂದು ಹರಟಿ ಎಷ್ಟು ಹೊತ್ತಾಯಿತೋ. ನಾನು ಫೋಟೊ ತೆಗೆದೆ.

"ಕಾಕು, ನಿಮ್ಮ ಚಪ್ಪಲಿ" ಎಂದೆ.

ಕಾಕು ತಿರುಗಿ ನೋಡಿದರು. "ಚಲೋ ಆತು. ಹಳೇವಾಗಿದ್ದವು." ಅವರು ಹಾಗೆನ್ನುವಷ್ಟರಲ್ಲಿ ಉಳಿದ ಒಂಬತ್ತೂ ಚಪ್ಪಲಿಗಳು ಎದ್ದು ಹೊರಟವು.

ಅಂಗಡಿ ಮನೆಯ ಸೊಸೆ ಚಪ್ಪಲಿ ಹಿಡಿಯಲೆಂದು ಇಳಿದಳು. ನೀರು ಅವಳ ಮೊಣಕಾಲಿಗೂ ಇರಲಿಲ್ಲ. ಎರಡು ಹೆಜ್ಜೆ ಇಡುವುದರೊಳಗೆ ಅದು ಅವಳ ಕಾಲನ್ನು ಪಕ್ಕಕ್ಕೆಳೆದು ಕೆಡವಿತು. ನಾನೂ ವೈನಿಯೂ ಅವಳ ದುಪಟ್ಟಾ, ಜಡೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಎಳೆದುಕೊಂಡೆವು. ನಾವು ನಡೆದು ಬಂದಿದ್ದ ಮರಳಿನ ದಾರಿಯ ಮೇಲೆ ಈಗ ಹೊಳೆಯಂತೆ ನೀರು ಹರಿಯುತ್ತಿತ್ತು. ಮೊಬೈಲಿಗೆ ಸಿಗ್ನಲ್ ಇಲ್ಲ. ದಡದಲ್ಲಿ ಮೀನಿನ ಹೆಂಗಸು ಚಾಪೆ ಸುತ್ತಿಕೊಂಡು ಮನೆಗೆ ಹೋಗಿಯಾಗಿತ್ತು. ಕೂಗಿದೆವು. ಅಲೆಯ ಸದ್ದಿನಲ್ಲಿ ನಮ್ಮ ಕೂಗು ನಮಗೇ ಕೇಳಲಿಲ್ಲ.

ಆಗ ನಾನು ಒಂದು ವಿಷಯ ಗಮನಿಸಿದೆ. ಕಲ್ಲಿನ ಮೈಗೆಲ್ಲ ಸಣ್ಣ ಬಿಳಿ ಚಿಪ್ಪುಗಳು ಅಂಟಿಕೊಂಡಿದ್ದವು. ಬುಡದಲ್ಲಿ ಮಾತ್ರವಲ್ಲ, ಟೋಪಿ ಇಟ್ಟಿದ್ದ ನೆತ್ತಿಯವರೆಗೂ. ನೀರಿನಲ್ಲಿ ಬದುಕುವ ಜೀವ ನೀರು ಬಾರದ ಕಡೆ ಮನೆ ಮಾಡುವುದಿಲ್ಲ. ಕಾಕು ನನ್ನ ಮುಖ ನೋಡಿದರು, ನಾನು ನೋಡುತ್ತಿದ್ದ ಚಿಪ್ಪುಗಳನ್ನು ನೋಡಿದರು. ಏನು ತಿಳಿಯಿತೋ, ಚಪ್ಪಾಳೆ ತಟ್ಟಿ ಗಟ್ಟಿಯಾಗಿ ಹೇಳಿದರು:

"ಅಳೂದು ಬ್ಯಾಡ. ಎಲ್ಲಾರೂ ಮ್ಯಾಲ ಬರ್ರಿ. ಕೈ ಕೈ ಹಿಡೀರಿ. ದೋಣಿ ಬರೂತನಕ ಒಡಪು ಹೇಳೂಣು. ವೈನಿ, ನೀವು ಚಾಲೂ ಮಾಡ್ರಿ."

"ಕಾಕು, ಇದೇನು ಹೊತ್ತೇನ್ರೀ ಒಡಪಿಗೆ?"

"ಮತ್ತ ಬ್ಯಾರೆ ಏನು ಕೆಲಸ ಐತಿ ಇಲ್ಲಿ? ಹೇಳ್ರಿ ಜಲ್ದಿ."

ವೈನಿ ಹಲ್ಲು ಕಟಕಟ ಎನ್ನುತ್ತಿರುವಾಗಲೇ ಶುರು ಮಾಡಿದರು. "ಸಂತ್ರಾ ಸುಲದರ ತೊಳಿ ತೊಳಿ ಬಿಡತಾವ, ಮಾಧವರಾಯರ ಮಾತಿನ್ಯಾಗ..."

"ಮುತ್ತು ಉದರತಾವ! ಅದನ್ನ ನಾನ ಬರದು ಕೊಟ್ಟದ್ದು, ನಿಮ್ಮ ಮನೀ ಪೂಜಾಕ್ಕ. ಹಳೇ ಮಾಲು ನಡಿಯೂದಿಲ್ಲ. ಹೊಸಾದು ಹೇಳ್ರಿ."

ಅಂಗಡಿಯ ಅತ್ತೆ ಅಳುತ್ತಳುತ್ತಲೇ ನಕ್ಕುಬಿಟ್ಟರು. ಸೊಸೆ ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ಏನೋ ಹೇಳಿದಳು. ಪ್ರಾಸವಂತೂ ಇರಲಿಲ್ಲ, ಗಂಡನ ಹೆಸರು ಎರಡು ಸಲ ಬಂತು. "ಪರವಾಗಿಲ್ಲ, ಎರಡು ಸಲ ನೆನಿಸಿದಿ. ಅವನಿಗೆ ಬಿಕ್ಕಳಿಕೆ ಹತ್ತಿರತೈತಿ" ಎಂದರು ಕಾಕು. ನನ್ನ ಸರದಿ ಬಂತು. ಮದುವೆಯೇ ಆಗದ ನಾನು ಏನು ಹೇಳಲಿ?

"ನಿಮ್ಮ ಆಫೀಸಿನ ಸಾಹೇಬನ ಹೆಸರ ಹೇಳು."

"ಕಾಕು!"

"ಹಂಗಾರ ದೋಣಿಯವನ ಹೆಸರ ಹೇಳು. ನಿನ್ನ ಗಂಡನೂ ಇನ್ನೂ ಬಂದಿಲ್ಲ, ದೋಣಿಯವನೂ ಇನ್ನೂ ಬಂದಿಲ್ಲ. ಇಬ್ಬರೂ ಒಂದ."

ಬಿಸಿಲು ಇಳಿಯುವ ಹೊತ್ತಿಗೆ ನೀರು ಪಾದ ಮುಟ್ಟುತ್ತಿತ್ತು. ನಾವು ಚಪ್ಪಾಳೆ ತಟ್ಟಿ ನಗುತ್ತಿದ್ದೆವು. ಹೇಗೆ ನಕ್ಕೆವೋ, ಈಗಲೂ ತಿಳಿಯದು. ಅಷ್ಟರಲ್ಲಿ ಹೊಳೆಯ ಕಡೆಯಿಂದ ಒಂದು ಸಣ್ಣ ಪಾತಿ ದೋಣಿ ಬರುವುದು ಕಂಡಿತು. ಹುಟ್ಟು ಹಾಕುತ್ತಿದ್ದ ಮನುಷ್ಯ ನಮ್ಮ ಕಡೆ ನೋಡಿದ. ಕೈ ಎತ್ತಿದ. ನಾವೂ ಕೈ ಬೀಸಿದೆವು. ಅವನು ಮುಖ ತಿರುಗಿಸಿಕೊಂಡು ತನ್ನ ದಾರಿ ಹಿಡಿದು ಹೋಗತೊಡಗಿದ.

"ಅಯ್ಯೋ, ಹೊಂಟನಲ್ಲ!" ಎಂದರು ವೈನಿ.

ನಮ್ಮನ್ನು ನೋಡಿ ಅವನು ಏನೆಂದುಕೊಂಡನೋ ಆ ಗಳಿಗೆ ನನಗೆ ಹೊಳೆಯಿತು. ನಗುವ, ಚಪ್ಪಾಳೆ ತಟ್ಟುವ, ಕೈ ಬೀಸುವ ಪ್ರವಾಸಿ ಹೆಂಗಸರು. ಸಹಾಯ ಬೇಡುವವರು ಹಾಗಿರುವುದಿಲ್ಲ. ಕಾಕುವಿಗೂ ಹೊಳೆದಿರಬೇಕು. ಅವರ ಮುಖ ಮೊದಲ ಸಲ ಬಿಳಿಚಿತು. ಬಗ್ಗಿ ಗುಂಡುಕಲ್ಲು ಸರಿಸಿ ಟಾವೆಲ್ಲಿಗೆ ಕೈ ಹಾಕಿದರು. ಹಾಕಿದ ಕೈ ಒಂದು ಕ್ಷಣ ನಿಂತಿತು. ಕೊಟ್ಟ ಆಯೇರಿಯನ್ನು ಯಾರೂ ತಿರುಗಿ ತೆಗೆದುಕೊಳ್ಳುವುದಿಲ್ಲ. ಅದಕ್ಕಿಂತ ದೊಡ್ಡ ಅಪಮಾನ ಇನ್ನೊಂದಿಲ್ಲ.

"ಅಣ್ಣಾ, ಕಡಾ ಕೊಡು. ಕೆಲಸ ಮುಗದ ಕೂಡಲೇ ಕೊಡತೀನಿ" ಎಂದು ಕಲ್ಲಿಗೆ ಹೇಳಿ, ಟಾವೆಲ್ ಎಳೆದು, ತಲೆಯ ಮೇಲೆ ಗರಗರ ತಿರುಗಿಸತೊಡಗಿದರು. "ಯಾರೂ ನಗಬ್ಯಾಡ್ರಿ! ಬೊಬ್ಬಿ ಹೊಡೀರಿ! ಸತ್ತವರ ಮನ್ಯಾಗ ಅಳೋ ಹಂಗ ಅಳ್ರಿ!"

ಅತ್ತೆವು. ಅಷ್ಟು ಹೊತ್ತು ತಡೆದಿಟ್ಟಿದ್ದು ಎಲ್ಲ ಹೊರಗೆ ಬಂತು. ದೋಣಿ ನಿಂತಿತು, ತಿರುಗಿತು.

ಆ ಪಾತಿಯಲ್ಲಿ ತನ್ನನ್ನು ಬಿಟ್ಟು ನಾಲ್ವರಿಗಿಂತ ಹೆಚ್ಚು ಜನ ಹಿಡಿಸುವುದಿಲ್ಲ ಎಂದ ದೋಣಿಯವ. ನಾನು ಉಳಿಯುತ್ತೇನೆ ಎಂದೆ. ಕಾಕು ನನ್ನ ಬೆನ್ನಿಗೆ ಕೈ ಹಚ್ಚಿ ದೋಣಿಗೆ ನೂಕಿದರು. "ನೀ ಇನ್ನೂ ಒಡಪು ಹೇಳಿಲ್ಲ. ನಡಿ." ಬೇರೆ ಮಾತಿಗೆ ಅವಕಾಶ ಕೊಡಲಿಲ್ಲ.

ನಾನು ಮತ್ತೆ ಮತ್ತೆ ನೋಡುವುದು ಆ ದೃಶ್ಯವನ್ನು. ನಮ್ಮ ದೋಣಿ ದೂರವಾಗುತ್ತಿದೆ, ಕಲ್ಲಿನ ಮೇಲೆ ಕಾಕು ಒಬ್ಬರೇ. ಬಗಲಲ್ಲಿ ಬಿಳಿ ಟೋಪಿ ಹೊತ್ತ ಕಲ್ಲಿನ ನೆತ್ತಿ. ಒಂದು ಅಲೆ ಬಂದು ಅವರ ಸೀರೆಯನ್ನು ಮೊಣಕಾಲಿನವರೆಗೆ ತೋಯಿಸಿತು. ಕಾಲು ಜಾರಿತು. ಕಲ್ಲನ್ನು ತಬ್ಬಿ ಹಿಡಿದು ಮತ್ತೆ ನೆಟ್ಟಗೆ ನಿಂತರು. ವೈನಿ ದೋಣಿಯ ಅಂಚು ಹಿಡಿದು, "ಕಾಕು! ಕಾಕು!" ಎಂದು ಕೂಗುತ್ತಿದ್ದರು. ಆಗ ಕಾಕುವಿನ ದನಿ ನೀರಿನ ಮೇಲಿಂದ ಬಂತು, ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯಿಂದ ತರಕಾರಿಯವನನ್ನು ಕೂಗುವ ಅದೇ ದನಿ.

"ಮೊಣಕಾಲಿಗೆ ಬಂತು ನೀರು, ಮೊಣಕಾಲ ನೋವು ಹೋತು,
......ರಾಯರ ಹೆಸರು ಹೇಳಿ ಎಷ್ಟು ವರ್ಷ ಆತು!"

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಅವರು ಹೇಳಬೇಕಾದ ಹೆಸರು. ದೋಣಿಯವನ ಹುಟ್ಟು ಗಾಳಿಯಲ್ಲಿ ಹಾಗೇ ನಿಂತಿತು. ಮೊದಲು ಚಪ್ಪಾಳೆ ತಟ್ಟಿದವರು ವೈನಿ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ತಟ್ಟುತ್ತಲೇ ಇದ್ದರು.

ದೋಣಿಯವ ನಮ್ಮನ್ನು ದಡದಲ್ಲಿ ಇಳಿಸಿ ಉಸಿರು ಬಿಡದೆ ತಿರುಗಿ ಹೋದ. ಕತ್ತಲು ಇಳಿಯುತ್ತಿತ್ತು. ಕಲ್ಲು ಒಂದು ಕಪ್ಪು ಚುಕ್ಕೆಯಾಗಿತ್ತು. ಆಮೇಲೆ ಚುಕ್ಕೆಯೂ ಕಾಣಲಿಲ್ಲ. ಅವನು ತಿರುಗಿ ಬರುವವರೆಗೆ ನಾನು ಎಲ್ಲಿ ನಿಂತಿದ್ದೆ, ಏನು ಮಾಡುತ್ತಿದ್ದೆ, ನೆನಪಿಲ್ಲ. ಮೊದಲು ಹುಟ್ಟಿನ ಸದ್ದು ಕೇಳಿತು, ಆಮೇಲೆ ಕಾಕುವಿನ ಮಾತು. ಅವನ ಮನೆಯಲ್ಲಿ ಎಷ್ಟು ಜನ, ಮಗಳಿಗೆ ಮದುವೆಯಾಯಿತೇ ಎಂದು ವಿಚಾರಿಸಿಕೊಳ್ಳುತ್ತ ಬರುತ್ತಿದ್ದರು.

"ನಾ ಪಿಕ್ನಿಕ್ಕಿನವ್ರು ಅಂದ್ಕಂಡೆ. ಅಷ್ಟು ನಗಾಡ್ತಿದ್ರಿ ನೀವು!" ಎಂದ ಅವನು.

"ತಪ್ಪಾತಪ್ಪಾ. ಇನ್ನೊಮ್ಮೆ ಮುಳಗೂ ಮುಂದ ಮಾರಿ ಸಣ್ಣದು ಮಾಡಿಕೊಂಡು ನಿಲ್ತೀವಿ" ಎಂದರು ಕಾಕು. ಟಾವೆಲ್ ಎಲ್ಲಿ ಎಂದು ಯಾರೋ ಕೇಳಿದರು. "ಕೊಟ್ಟು ಬಂದೆ. ಕಡಾ ತಗೊಂಡದ್ದು ಇಟಗೊಂಡರ ಹೆಂಗ? ಈ ಸಲ ಒಲ್ಲೆ ಅನಲಿಲ್ಲ, ತಗೊಂಡ."

ನಾವು ಉಳಿದುಕೊಂಡಿದ್ದ ಮನೆಯಾಕೆ, "ಎಂತಾ ಹೆಂಗ್ಸರು ನೀವು! ಇನ್ನೊಂದು ತಾಸಿಗೆ ಆ ಕಲ್ಲೇ ಕಾಣೂದಿಲ್ಲ" ಎಂದು ಬೈಯುತ್ತಲೇ ಬಿಸಿ ಗಂಜಿ ಬಡಿಸಿದಳು. ಕಾಕು ಎರಡು ಸಲ ಹಾಕಿಸಿಕೊಂಡು ಉಂಡು, ಗೋಡೆಗೆ ಮುಖ ಮಾಡಿ ಮಲಗಿ ಗೊರಕೆ ಹೊಡೆದರು. ನಾನು ಮಲಗಲಿಲ್ಲ.

ನಾಗಪುರಕ್ಕೆ ಬಂದ ಮೇಲೂ ನೆಟ್ಟಗೆ ನಿದ್ದೆ ಬರಲಿಲ್ಲ. ಕಣ್ಣು ಹತ್ತಿದರೆ ಸಾಕು, ನಾನು ದಡದಲ್ಲಿರುತ್ತಿದ್ದೆ. ತಿರುಗಿ ನೋಡಿದರೆ ಕಲ್ಲು ಇರುತ್ತಿತ್ತು, ಕಾಕು ಇರುತ್ತಿರಲಿಲ್ಲ. ಪಕ್ಕದ ಮನೆಯ ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿದರೆ ಎದ್ದು ಕೂರುತ್ತಿದ್ದೆ. ಆಫೀಸಿನಲ್ಲಿ ಕೂತಲ್ಲೇ ಕಲ್ಲಿನ ಚಿಪ್ಪುಗಳು ಕಣ್ಣ ಮುಂದೆ ಬರುತ್ತಿದ್ದವು. ಅಮ್ಮನಿಂದ ಕಾಕುವಿಗೆ ಸುದ್ದಿ ಹೋಯಿತು. ಅವರು ಬಿಸಿ ಮಾಡಿದ ಎಳ್ಳೆಣ್ಣೆ ತಂದು, ನಾನು ಬೇಡವೆಂದರೂ ಕೇಳದೆ, ನನ್ನ ಅಂಗಾಲು ತಿಕ್ಕುತ್ತ ಕೂತರು. ಕನಸನ್ನು ಪೂರ್ತಿ ಹೇಳಿಸಿದರು.

"ಆ ಕನಸಿನ್ಯಾಗ ನಾ ಎಲ್ಲಿ ಹೋಗಿರ್ತೀನಿ?"

"ಗೊತ್ತಿಲ್ಲ ಕಾಕು. ಅದೇ ಭಯ."

"ಚಹಾ ಕುಡ್ಯಾಕ ಹೋಗಿರ್ತೀನಿ. ಇನ್ನೊಮ್ಮೆ ಬಿದ್ದರ ಅಳಬ್ಯಾಡ, ಸ್ವಲ್ಪ ಕಾಯಿ. ಬರ್ತೀನಿ."

ನಕ್ಕೆ. ಆದರೂ ಅಂದೂ ನಿದ್ದೆ ಬರಲಿಲ್ಲ.

ಸಂಕ್ರಾಂತಿ ಕಳೆದ ವಾರ ವೈನಿಯ ಮನೆಯಲ್ಲಿ ಅರಿಶಿನ-ಕುಂಕುಮ. ನಡುಮನೆ ತುಂಬ ಹೆಂಗಸರು, ರೇಷ್ಮೆ ಸೀರೆಗಳು, ಎಳ್ಳು-ಬೆಲ್ಲದ ತಿಳಗುಳದ ವಾಸನೆ. ಕಾಕು ಎಂದಿನಂತೆ ಅಡುಗೆಮನೆಯಲ್ಲಿದ್ದರು. ಹೊಸ ಸೊಸೆಯರು ಒಡಪು ಹೇಳುವ ಹೊತ್ತಿಗೆ ವೈನಿ ಎದ್ದು ಒಳಗೆ ಹೋದರು. ಚಹಾದ ಪಾತ್ರೆಯನ್ನು ಕಾಕುವಿನ ಕೈಯಿಂದ ತೆಗೆದುಕೊಂಡು ಕಟ್ಟೆಯ ಮೇಲಿಟ್ಟರು. ಮೊಣಕೈ ಹಿಡಿದು ಎಲ್ಲರ ನಡುವೆ ಕರೆತಂದು ನಿಲ್ಲಿಸಿದರು.

"ಮೊದಲ ಕಾಕು ಹೇಳ್ತಾರ. ಆಮ್ಯಾಲೆ ಉಳದವರು."

ಹಿರಿಯ ಹೆಂಗಸರಿಬ್ಬರು ಮುಖ ಮುಖ ನೋಡಿಕೊಂಡರು. ಒಬ್ಬರು ಸೆರಗು ಸರಿಮಾಡಿಕೊಂಡು ಕೆಮ್ಮಿದರು. ಕಾಕು ಕೈ ಬಿಡಿಸಿಕೊಳ್ಳಲು ನೋಡಿದರು. ಅವರ ಮುಖದಲ್ಲಿ ನಾಚಿಕೆಯನ್ನು ನಾನು ಕಂಡದ್ದು ಅದೊಂದೇ ಸಲ.

"ಇಲ್ಲೇನು ನೀರು ಬಂದೈತೇನ್ರೀ ವೈನಿ?"

"ಬರೂತನಕ ಯಾಕ ಕಾಯಬೇಕು?" ಎಂದರು ವೈನಿ.

ಕಾಕು ಸುತ್ತ ನೋಡಿದರು. ಕೈಗಳನ್ನು ಸೀರೆಗೆ ಒರೆಸಿಕೊಂಡರು. ಗಂಟಲು ಸರಿಮಾಡಿಕೊಂಡರು.

"ಎಳ್ಳು ಹುರಿಯೂದು ನನಗಿರಲಿ, ಉಂಡಿ ತಿನ್ನೂದು ನಿಮಗಿರಲಿ,
......ರಾಯರ ಹೆಸರು ನನಗಿರಲಿ, ಉಳದದ್ದೆಲ್ಲಾ ಹಂಚಿಹೋಗಲಿ!"

ನಡುಮನೆಯಲ್ಲಿ ಎದ್ದ ಕೂಗಿಗೆ ಕೆಳಗಿನ ಮಹಡಿಯವರು ಏನಾಯಿತೆಂದು ಓಡಿಬಂದರು. ಕೆಮ್ಮಿದ್ದ ಮುದುಕಿಯೇ, "ಇನ್ನೊಂದು, ಇನ್ನೊಂದು" ಎಂದು ಕೈ ತಟ್ಟಿದಳು. ಇನ್ನೊಂದಾಯಿತು, ಮತ್ತೊಂದಾಯಿತು. ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಒಡಪುಗಳು ಒಂದರ ಹಿಂದೊಂದು ಬಂದವು. ಯಜಮಾನರ ಗೊರಕೆಯ ಮೇಲೆ, ಅವರ ಸೈಕಲ್ಲಿನ ಮೇಲೆ, ಅವರು ಉಪ್ಪಿಲ್ಲದ ಪಲ್ಯವನ್ನು ಮಾತಾಡದೆ ಉಂಡದ್ದರ ಮೇಲೆ. ಆ ಮನುಷ್ಯನನ್ನು ಕಾಣದ ನಮಗೆಲ್ಲ ಅವರು ಆ ಮಧ್ಯಾಹ್ನ ಪರಿಚಯವಾದರು. ಕುಂಕುಮದ ಬಟ್ಟಲು ಹಿಡಿದು ವೈನಿ ಮುಂದೆ ಬಂದಾಗ ಮಾತ್ರ ಕಾಕು ತಲೆಯಾಡಿಸಿದರು. "ಅದು ಬ್ಯಾಡ. ಹಣಿ ತುರಿಸ್ತೈತಿ. ಇನ್ನೆರಡು ಉಂಡಿ ಇದ್ದರ ಕೊಡ್ರಿ."

ಅಂದು ನನ್ನ ಜೀವ ಉಳಿಸಿದ್ದು ದೋಣಿಯವ. ಅವನು ಬರುವವರೆಗೆ ನನ್ನನ್ನು ನೀರಿಗೆ ಹಾರದಂತೆ, ಹುಚ್ಚು ಹಿಡಿಯದಂತೆ ಉಳಿಸಿದ್ದು ಕಾಕು. ದೋಣಿಯಲ್ಲಿ ನನ್ನ ಪಾಲಿಗೆ ಬಂದ ಜಾಗ ಅವರದಾಗಿತ್ತು. ಆ ಋಣ ತೀರಿಸುವ ಮಾತೆತ್ತಿದರೆ, "ಮದುವಿ ಮಾಡಿಕೊಂಡು ಒಂದು ಒಡಪು ಹೇಳು, ಮುಗೀತು" ಅನ್ನುತ್ತಾರೆ. ಅಷ್ಟು ಸಸ್ತಾದಲ್ಲಿ ಅದು ತೀರುವುದಿಲ್ಲವೆಂದು ಇಬ್ಬರಿಗೂ ಗೊತ್ತು.

ಅರಿಶಿನ-ಕುಂಕುಮದ ಆ ದಿನ ಮನೆಗೆ ಬಂದವಳು ಸೀರೆ ಮಡಿಸಿಡಲಿಲ್ಲ. ಹಾಸಿಗೆಯ ಮೇಲೆ ಒಂದು ಗಳಿಗೆ ಒರಗೋಣವೆಂದು ಒರಗಿದೆ. ಕಣ್ಣು ತೆರೆದಾಗ ಮರುದಿನದ ಬಿಸಿಲು ಎದುರು ಗೋಡೆಯ ಅರ್ಧಕ್ಕೆ ಬಂದಿತ್ತು. ಆಫೀಸಿನ ಬಸ್ಸು ಹೋಗಿಯಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತು, ಎಬ್ಬಿಸಲೋ ಬೇಡವೋ ಎಂಬಂತೆ ನನ್ನನ್ನೇ ನೋಡುತ್ತಿದ್ದರು.